ಮಂಚಕ್ಕೆ ಹೋಗಿ ತೊಟ್ಟಿ ತಂದದ್ದು

ಮಂಚ ಕೊಳ್ಳುವುದರಲ್ಲಿ ಅಂಥಾ ಕಷ್ಟವೇನೂ ಇಲ್ಲ ಎಂಬುದು ಆ ದಿನ ಬೆಳಗಿನವರೆಗೂ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಮೊದಲು ನೋಡಬೇಕು. ಆಮೇಲೆ ಕೂತು ಅಲ್ಲಾಡಿಸಬೇಕು. ಕಿರುಗುಟ್ಟದಿದ್ದರೆ ಹೊತ್ತು ತರಬೇಕು. ಇಷ್ಟಕ್ಕೆ ಅಮ್ಮ ಮುನೇಶ್ವರನಿಗೆ ಹರಕೆ ಹೊತ್ತದ್ದು ನನಗೆ ಅವಮಾನವೆನಿಸಿತು. ನಾನು ವರ್ಕ್‌ಶಾಪಿನಲ್ಲಿ ಫಿಟ್ಟರನ ಕೈಯಾಳು. ಕಬ್ಬಿಣವನ್ನು ಕಂಡವನಿಗೆ ಕಟ್ಟಿಗೆ ಯಾವ ಲೆಕ್ಕ?

ಆದರೆ ಅಮ್ಮನ ಆತಂಕಕ್ಕೂ ಕಾರಣವಿತ್ತು. ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಮಂಚ ಕೊಂಡಿರಲಿಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಜಗಲಿಯ ಮೇಲೆ ಮಲಗುತ್ತಿದ್ದವರು, ಚಿನ್ನದ ಗಣಿಯ ನಂದಿದುರ್ಗದ ಲೈನು ಮನೆಗೆ ಬಂದ ಮೇಲೆ ನೆಲದ ಮೇಲೆ ಮಲಗಿದರು. ಅಪ್ಪ ಅಷ್ಟು ವರ್ಷ ನೆಲದ ಅಡಿಯಲ್ಲಿ ದುಡಿದು, ಕೊನೆಗೆ ಮನೆಗೆ ತಂದದ್ದು ಒಂದು ಕೆಮ್ಮು. ಆಸ್ಪತ್ರೆಯ ಕಾಂಪೌಂಡರು "ತಣ್ಣನೆ ನೆಲದ ಮೇಲೆ ಮಲಗಿಸಬೇಡಿ" ಅಂದದ್ದೇ ತಡ, ಅಮ್ಮ ತಾನು ಹಾಕುತ್ತಿದ್ದ ಚೀಟಿಯನ್ನು ಎತ್ತಿ ಹಣ ನನ್ನ ಜೇಬಿಗೆ ಹಾಕಿ, ಜೇಬಿಗೆ ಪಿನ್ನು ಚುಚ್ಚಿದಳು.

"ಲೋ ಮುನಿಯ, ಮಂಚ ತಗಂಡು ನೇರ ಮನೆಗೆ ಬರ್ಬೇಕು. ದಾರೀಲಿ ಯಾರ ತರಾನೂ ಮಾತಾಡ್ಬ್ಯಾಡ."

ಯಾರ "ಜೊತೆ" ಎಂದಲ್ಲ, ಯಾರ "ತರ". ಅಮ್ಮನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಇಬ್ಬರು ರೋಗಿಗಳು. ಅಪ್ಪನಿಗೆ ಕೆಮ್ಮು, ನನಗೆ ನಕಲು. ಪಾಳಿ ಮೇಸ್ತ್ರಿ ಬೀಡಿ ಕಚ್ಚಿಕೊಂಡು ಬೈಯುವುದು, ಪಕ್ಕದ ಮನೆಯ ಪೊನ್ನಮ್ಮ ತಮಿಳು, ಕನ್ನಡ ಕಲಸಿ ಕೋಳಿಗೆ ಬುದ್ಧಿ ಹೇಳುವುದು, ಅಮ್ಮ ದೇವರ ಮುಂದೆ ಮೂಗೆಳೆಯುವುದು, ಇವೆಲ್ಲ ನನ್ನ ಬಾಯಲ್ಲಿ ವಾಸವಾಗಿದ್ದವು. ನಾನು ಕರೆಯದಿದ್ದರೂ ಹೊರಗೆ ಬರುತ್ತಿದ್ದವು.

ದೊರೆಗಳೆಲ್ಲ ಗಂಟುಮೂಟೆ ಕಟ್ಟಿ ಹಡಗು ಹತ್ತುತ್ತಿದ್ದ ಕಾಲ ಅದು. ಅಂಥ ಒಬ್ಬ ದೊರೆಯ ಬಂಗಲೆಯ ತೋಟದಲ್ಲಿ ಸಾಮಾನು ಹರಾಜು. ಹುಲ್ಲಿನ ಮೇಲೆ ಕುರ್ಚಿ, ಕನ್ನಡಿ, ಜಿಂಕೆಯ ತಲೆ, ಪಿಂಗಾಣಿ ಬಟ್ಟಲು, ನಡುವೆ ಸ್ಪ್ರಿಂಗಿನ ಒಂದು ಕಬ್ಬಿಣದ ಮಂಚ. ಹರಾಜು ಕೂಗುವವನು ಮೊದಲೇ ಎಲ್ಲರ ಹಣವನ್ನೂ ಮೇಜಿನ ಮೇಲೆ ಕಟ್ಟಿಸಿಕೊಂಡ. ನಾನು ಗೆಳೆಯ ದಾಸನ ಜೊತೆ ಮುಂದಿನ ಸಾಲಿನಲ್ಲಿ ನಿಂತು ಮಂಚವನ್ನು ಆಗಲೇ ಸ್ವಂತದ್ದೆಂಬಂತೆ ನೋಡಿದೆ.

ಮಂಚ ಸಿಗಲಿಲ್ಲ. ಆಂಡರ್ಸನ್‌ಪೇಟೆಯ ಸೌದೆ ಡಿಪೋ ಸಾಹುಕಾರರು ಅದನ್ನು ಹೊಡೆದುಕೊಂಡರು. ಅವರು ಬಾಯಿ ಬಿಟ್ಟು ಬೆಲೆ ಹೇಳುವ ಪೈಕಿಯಲ್ಲ. ಕಣ್ಣು ಅರ್ಧ ಮುಚ್ಚಿ, ಗಂಟಲಲ್ಲೇ "ಹ್ಞೂಂ... ಕ್ಹಕ್" ಅನ್ನುತ್ತಿದ್ದರು. ಕೂಗುವವನು ಬೆಲೆ ಏರಿಸುತ್ತಿದ್ದ. ಸದ್ದಿನ ಮೊದಲ ಭಾಗ ಒಪ್ಪಿಗೆ, ಎರಡನೆಯ ಭಾಗ ಎಲೆಅಡಿಕೆ.

ಮಂಚ ಹೋದ ದುಃಖದಲ್ಲಿ ನಾನು ಹಿಂದಿನ ಸಾಲಿಗೆ, ಸಾಹುಕಾರರ ಬೆನ್ನ ಹಿಂದಕ್ಕೆ ಬಂದೆ. ಕೂಗುವವನು ಮುಂದಿನ ಸಾಮಾನಿಗೆ ಹೋಗಿದ್ದ; ಸಾಹುಕಾರರು ಅದಕ್ಕೂ ಒಂದು ಸಲ ಗಂಟಲಾಡಿಸಿದರು. ದುಃಖವಾದಾಗ ನನ್ನ ರೋಗ ಉಲ್ಬಣವಾಗುತ್ತದೆ.

"ಹ್ಞೂಂ... ಕ್ಹಕ್" ಅಂದೆ, ದಾಸನನ್ನು ನಗಿಸಲು. ದಾಸ ಬಾಯಿಗೆ ಟವೆಲ್ಲು ತುರುಕಿಕೊಂಡ. ಇನ್ನೊಮ್ಮೆ ಅಂದೆ. ಅದು ಅಸಲಿಗಿಂತ ಚೆನ್ನಾಗಿ ಬಂತು ಎಂಬುದನ್ನು ಈಗಲೂ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ಮೇಜಿನ ಮೇಲೆ ಸುತ್ತಿಗೆ ಬಿತ್ತು.

"ತೊಟ್ಟಿ ಸಾಹುಕಾರ್ರಿಗೆ" ಅಂದ ಕೂಗುವವನು.

ಸಾಹುಕಾರರು ಕಣ್ಣು ಪೂರ್ತಿ ತೆರೆದರು. "ನಂದು ಒಂದೇ ಸಲ ಕಣಯ್ಯ. ಆಮೇಲಿನ ಎರಡು ನನ್ನ ಗಂಟಲಲ್ಲ. ಇಂದೆ ನೋಡು."

ಎಲ್ಲರೂ ಹಿಂದೆ ನೋಡಿದರು. ನಾನೂ ಹಿಂದೆ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ದಾಸ ಗೇಟಿನ ಹತ್ತಿರ ತಲುಪಿದ್ದ.

ಹೀಗೆ, ಮಂಚಕ್ಕೆಂದು ಕಟ್ಟಿದ ಹಣಕ್ಕೆ ದೊರೆ ಸ್ನಾನ ಮಾಡುತ್ತಿದ್ದ ಎರಕದ ಕಬ್ಬಿಣದ ತೊಟ್ಟಿ ನನ್ನದಾಯಿತು. ಒಳಗೆ ಬಿಳಿ ಮೆರುಗು, ಹೊರಗೆ ಹುಲಿಯ ಪಂಜದಂಥ ನಾಲ್ಕು ಕಾಲು, ತಲೆಯ ಕಡೆಗೆ ಒರಗುವಷ್ಟು ಇಳಿಜಾರು. ಎಮ್ಮೆಗಿಂತ ಭಾರ. ಎಮ್ಮೆಯಾದರೆ ನಡೆದಾದರೂ ಬರುತ್ತಿತ್ತು.

ದಾಸನನ್ನು ಗೇಟಿನಿಂದ ಎಳೆದುಕೊಂಡು ಬಂದು, ಇನ್ನಿಬ್ಬರನ್ನು ಬೇಡಿಕೊಂಡು, ಎರಡು ಗಳುಗಳ ಮೇಲೆ ಕಟ್ಟಿ, ಗೋಣಿ ಹೊದಿಸಿ, ನಾಲ್ಕು ಜನ ಹೆಗಲು ಕೊಟ್ಟೆವು. ಬಿಸಿಲು ಹೆಚ್ಚಾದ್ದರಿಂದ ಮೆಲ್ಲಗೆ, ಮಾತಿಲ್ಲದೆ ನಡೆದೆವು.

ಅಲ್ಲಿ ನಾನು ಮಾಡಿದ ತಪ್ಪು ಲೈನಿನ ತಿರುವು ದಾಟುವವರೆಗೆ ನನಗೆ ಹೊಳೆಯಲಿಲ್ಲ. ಗಣಿ ಕೆಲಸದವರ ಆ ಬೀದಿಯಲ್ಲಿ ನಾಲ್ಕು ಜನ ಮುಚ್ಚಿದ ವಸ್ತುವೊಂದನ್ನು ಹೊತ್ತು ಮಾತಿಲ್ಲದೆ ಬಂದರೆ ಅದರ ಅರ್ಥ ಒಂದೇ. ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಯಾರ ಮನೆಯ ಮುಂದೆ ನಿಲ್ಲುತ್ತೇವೋ ಎಂದು ನಮ್ಮ ಕಾಲುಗಳನ್ನೇ ನೋಡುತ್ತಿದ್ದರು. ಗಂಡನನ್ನು ಹಗಲು ಪಾಳಿಗೆ ಕಳಿಸಿದ್ದ ಪೊನ್ನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ನಾವು ಅವಳ ಮನೆ ದಾಟಿ ನಮ್ಮ ಮನೆಯ ಮುಂದೆ ಇಳಿಸಿ ಗೋಣಿ ಎಳೆದಾಗ ಅವಳಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಪೊರಕೆ ಬಂತು.

"ಪಾವಿ, ನಿನ್ಗೆ ಬುದ್ಧಿ ಇಲ್ವಾ? ತೊಟ್ಟಿನ ಹೆಣ ಮಾದಿರಿ ಎತ್ಕೊಂಡು ಬರ್ತೀಯಾ? ಅಯ್ಯೋ, ನಮ್ಮೋರ್ನೇ ತಂದ್ರೇನೋ ಅಂದ್ಕೊಂಡ್ನಲ್ಲಾ."

ನಾನು ತೊಟ್ಟಿಯ ಮರೆಗೆ ಸರಿದೆ. ಪೊರಕೆ ಏಟು ಸರಿಯಾದ ಜಾಗಕ್ಕೆ ಬೀಳದೆ ನಾನು ಬಚಾವಾದೆ.

ಅಮ್ಮ ತೊಟ್ಟಿಯನ್ನು ಒಂದು ಸುತ್ತು ಬಂದಳು. "ಇದರ ಮೇಲೆ ಹಾಸಿಗೆ ಎಲ್ಲಿ ಆಸ್ತಾರೆ?" ಅಂದಳು.

"ಅಮ್ಮಾ, ಇದು ಮಂಚಕ್ಕಿಂತ ಮೇಲು. ಅಪ್ಪನಿಗೆ ಬಿಸಿನೀರಿನ ಸ್ನಾನ. ದೊರೆಗಳಿಗೆ ಯಾಕೆ ಕೆಮ್ಮು ಬರಲ್ಲ ಹೇಳು?"

ಅಪ್ಪ ಒಳಗಿನಿಂದ ಗೋಡೆ ಹಿಡಿದು ಬಂದ. ತೊಟ್ಟಿಯನ್ನು ನೋಡಿದ, ನನ್ನನ್ನು ನೋಡಿದ. "ದೊರೆಗೋಳು ಕೆಳಕ್ ಇಳೀತಿರ್ಲಿಲ್ಲ ಕಣ್ಲಾ, ಅದುಕ್ಕೆ" ಅಂದು ಒಳಗೆ ಹೋದ.

ನಮ್ಮದು ಒಂದು ಕೋಣೆ, ಮುಂದೊಂದು ಪಡಸಾಲೆ. ತೊಟ್ಟಿ ಪಡಸಾಲೆಯನ್ನು ಪೂರ್ತಿ ನುಂಗಿತು. ಅಲ್ಲಿದ್ದ ಒರಳು, ಕೋಳಿಬುಟ್ಟಿ, ನೀರಿನ ಕೊಡಗಳು ಒಳಕೋಣೆಗೆ ಹೋದವು. ಒಳಕೋಣೆಯಲ್ಲಿದ್ದ ನಾನು ಬೀದಿಗೆ ಹೋದೆ. ಮನೆಯೊಳಗೆ ಬರಬೇಕಾದವರು ಈ ಕಡೆಯಿಂದ ತೊಟ್ಟಿಗೆ ಇಳಿದು ಆ ಕಡೆ ಹತ್ತಬೇಕಿತ್ತು. ಅಮ್ಮ ಸೀರೆ ಎತ್ತಿಕಟ್ಟಿ, ತಲೆಯ ಮೇಲೆ ನೀರು ಹೊತ್ತು, ಹೊಳೆ ದಾಟುವಂತೆ ದಾಟುತ್ತಿದ್ದಳು. ದಾಟುವಾಗ ಹೇಳುತ್ತಿದ್ದುದನ್ನು ನಾನು ಎಂದೂ ನಕಲು ಮಾಡಲಿಲ್ಲ.

ಭಾನುವಾರ ಮಹಾಸ್ನಾನವೆಂದು ಘೋಷಿಸಿದೆ. ತೊಟ್ಟಿಯ ಅಡಿಯಲ್ಲಿ ನೀರು ಬಿಡುವ ತೂತಿಗೆ ಬಿರಡೆ ಇರಲಿಲ್ಲ. ಅದನ್ನು ದೊರೆ ಸೀಮೆಗೆ ಒಯ್ದಿದ್ದನೋ ಏನೋ. ಫಿಟ್ಟರನ ಕೈಯಾಳು ಬಿಡುತ್ತಾನೆಯೇ? ಮರದ ಬಿರಡೆ ಕೆತ್ತಿ, ಬಟ್ಟೆ ಸುತ್ತಿ ಜಡಿದೆ. ಅಕ್ಕಪಕ್ಕದ ಮನೆಯ ಒಲೆಗಳಲ್ಲೆಲ್ಲ ನಮ್ಮ ನೀರು ಕಾಯಿತು. ಎರಡನೆಯ ಹಂಡೆ ಬರುವಷ್ಟರಲ್ಲಿ ಮೊದಲನೆಯದು ಆರಿತ್ತು. ಅಂತೂ ಉಗುರುಬೆಚ್ಚಗಿನ ನೀರು ಮೊಣಕಾಲಿನ ಮಟ್ಟಕ್ಕೆ ಬಂದಾಗ, ಅಪ್ಪ ಪಂಚೆ ಎತ್ತಿ ಒಂದು ಕಾಲು ಇಟ್ಟ. ಬಿರಡೆ ಹಾರಿತು.

ನೀರಿಗೆ ಬೀದಿಯ ಕಡೆ ಹೋಗಲು ಎಲ್ಲಾ ಅನುಕೂಲವಿತ್ತು. ಅದು ಒಳಕೋಣೆಗೆ ಹೋಯಿತು. ಹಾಸಿಗೆ, ರಾಗಿಹಿಟ್ಟಿನ ಮೂಟೆ, ಕೋಳಿಬುಟ್ಟಿ ಎಲ್ಲವನ್ನೂ ಭೇಟಿಯಾಯಿತು. ಅಪ್ಪ ಖಾಲಿ ತೊಟ್ಟಿಯಲ್ಲಿ ಒಂಟಿಕಾಲಲ್ಲಿ ನಿಂತು ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲುವಷ್ಟರಲ್ಲಿ ನನ್ನ ನಗುವೂ ನಿಂತಿತ್ತು.

ಆ ಸಂಜೆಯೇ ಬಂಗಾರಪೇಟೆ ರೈಲು ಹಿಡಿದು ಸೋದರಮಾವ ಕೃಷ್ಣಪ್ಪನ ಹಳ್ಳಿಗೆ ಹೋದೆ. ಮಾವ ಹಸು ಕಟ್ಟಿ ಹಾಲು ಹಾಕುವವನು. ಅವನ ಕಲ್ಲಿನ ಬಾನಿ ಬಿರುಕು ಬಿಟ್ಟಿತ್ತು. ತೊಟ್ಟಿಯನ್ನು ವರ್ಣಿಸಿದೆ. ಅದರಲ್ಲಿ ನೀರು ಕುಡಿದ ಹಸು ಇಂಗ್ಲಿಷಿನಲ್ಲಿ ಕೂಗುತ್ತದೆ ಎಂಬಲ್ಲಿಗೆ ಬಂದಾಗ ಮಾವ ತಡೆದ.

"ಸಾಕ್ ನಿಲ್ಸ್ಲಾ. ನನ್ ನವಾರ್ ಮಂಚ ತಂದ್ ಕೊಡ್ತೀನಿ, ತೊಟ್ಟಿ ತಗಂಡ್ ಓಗ್ತೀನಿ. ಸಂತೆ ಆದ ಮರುದಿನ ಗಾಡಿ ಕಟ್ಕಂಡ್ ಬತ್ತೀನಿ. ಆಮ್ಯಾಕೆ ಮಾತು ಬದಲಾಯಿಸ್ಬಾರ್ದು."

ಬದಲಾಯಿಸುವ ಪ್ರಶ್ನೆಯೇ ಇಲ್ಲ ಎಂದು ಆಣೆ ಮಾಡಿ ಬಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ವರ್ಕ್‌ಶಾಪಿನಿಂದ ಬರುತ್ತಿದ್ದೇನೆ, ಮನೆಯಿಂದ ಕೆಮ್ಮು ಕೇಳಿಸುತ್ತಿಲ್ಲ. ಆ ಕೆಮ್ಮು ಬೀದಿಯ ತುದಿಗೇ ನನ್ನನ್ನು ಎದುರುಗೊಳ್ಳುತ್ತಿತ್ತು. ನಾನು ಓಡಿದೆ. ಬಾಗಿಲಲ್ಲಿ ಅಮ್ಮ ಕೋಲು ಹಿಡಿದು, ಬೀದಿಯ ಹುಡುಗರನ್ನು ಕಣ್ಣಿನಲ್ಲೇ ಹೆದರಿಸುತ್ತ ಕೂತಿದ್ದಳು.

"ಮೆಲ್ಲುಕ್ ಬಾ. ನಿಮ್ಮಪ್ಪ ಮಲಗವ್ನೆ."

ಅಪ್ಪ ತೊಟ್ಟಿಯಲ್ಲಿದ್ದ. ಅಡಿಯಲ್ಲಿ ಹುಲ್ಲು, ಅದರ ಮೇಲೆ ಕಂಬಳಿ. ಆ ಇಳಿಜಾರಿಗೆ ಬೆನ್ನು ಕೊಟ್ಟು, ಗದ್ದ ಎತ್ತಿ, ಕೈ ಎರಡೂ ಹೊಟ್ಟೆಯ ಮೇಲೆ ಮಡಚಿ ನಿದ್ದೆ ಹೋಗಿದ್ದ. ಎಂಥಾ ನಿದ್ದೆ! ಬಾಯಿ ಸ್ವಲ್ಪ ತೆರೆದಿತ್ತು. ಕಾಲಿನ ಹತ್ತಿರ ಪೊನ್ನಮ್ಮನ ಕೋಳಿ ಕೂತಿತ್ತು. ಅದನ್ನು ಓಡಿಸಿದರೆ ಸದ್ದಾದೀತೆಂದು ಅಮ್ಮ ಬಿಟ್ಟಿದ್ದಳು.

ಅಂದಿನಿಂದ ಅಪ್ಪನ ನಿದ್ದೆಯೆಲ್ಲ ಅಲ್ಲೇ ಆಯಿತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಬಂದವರಿಗೆಲ್ಲ ನನ್ನ ದೂರದೃಷ್ಟಿಯನ್ನು ವಿವರಿಸಿದೆ. ಔಷಧಿ ಸೀಸೆ ಕೊಡಲು ಕಾಂಪೌಂಡರು ಬಂದಾಗ ಅವರದೇ ದನಿಯಲ್ಲಿ "ಊಟಕ್ಕೆ ಮುಂಚೆ ತೊಟ್ಟಿ, ಊಟದ ನಂತರ ತೊಟ್ಟಿ" ಅಂದೆ. ಯಾವತ್ತೂ ನಗುವ ಮನುಷ್ಯ ನಗಲಿಲ್ಲ.

"ಯಾವಾಗಿಂದ ಹೀಗೆ ಒರಗಿಕೊಂಡೇ ಮಲಗ್ತಿದ್ದಾರೆ?"

ಹೇಳಿದೆ.

"ಚಪ್ಪಟೆ ಮಲಗಿಸೋಕೆ ಹೋಗಬೇಡಪ್ಪ. ಎದೆಯಲ್ಲಿ ಉಸಿರಿಗೆ ಜಾಗ ಉಳೀದೇ ಇದ್ದಾಗ ಮನುಷ್ಯನಿಗೆ ಹೀಗೇ ನಿದ್ದೆ ಬರೋದು. ಮಂಚ ಅಂತ ನಾನೇ ಹೇಳಿದ್ದೆ. ಆ ಮಾತು ಈಗ ಬಿಡು."

ಅವರು ಹೋದ ಮೇಲೆ ನನ್ನ ದೂರದೃಷ್ಟಿಯ ಬಗ್ಗೆ ಯಾರಿಗೂ ಹೇಳಲಿಲ್ಲ.

ಸಂತೆಯ ಮರುದಿನ ಮಾವನ ಗಾಡಿ ಬಂದೇ ಬಂತು. ಮೇಲೆ ನವಾರಿನ ಮಂಚ, ಹೊಸ ಪಟ್ಟಿ ಬಿಗಿದದ್ದು. ನಾನು ಬೀದಿಯಲ್ಲೇ ಮಾವನನ್ನು ತಡೆದು ತಡವರಿಸಿದೆ. ಆದರೆ ಅಪ್ಪ ಎಚ್ಚರವಾಗಿದ್ದ. ತೊಟ್ಟಿಯ ಅಂಚು ಹಿಡಿದು ತಾನೇ ಎದ್ದ.

"ಮಾತು ಕೊಟ್ಟಾಗೈತೆ. ಕೃಷ್ಣಪ್ಪ ತಗಂಡ್ ಓಗ್ಲಿ."

"ಅಪ್ಪಾ, ನಿನ್ಗೆ ನಿದ್ದೆ..."

"ನಿದ್ದೆಗೇನ್ಲಾ? ಮಂಚದ್ ಮ್ಯಾಲೆ ಇನ್ನೂ ಚೆಂದಾಗಿ ಬತ್ತೈತೆ. ಆಕು ಇತ್ಲಾಗೆ."

ಮಂಚ ಹಾಕಿದೆವು. ಅಪ್ಪ ಚಪ್ಪಟೆಯಾಗಿ ಮಲಗಿ ಕಣ್ಣು ಮುಚ್ಚಿದ. ನಾವು ತೊಟ್ಟಿಯನ್ನು ಗಾಡಿಗೆ ಏರಿಸಿ ಹಗ್ಗ ಬಿಗಿಯುವಷ್ಟರಲ್ಲಿ ಗೊರಕೆ ಕೇಳಿಸಿತು. "ನೋಡ್ದಾ? ಭಾವ ಆಗ್ಲೇ ಮಲಗ್ಬಿಟ್ಟ" ಅಂದ ಮಾವ. ಅಮ್ಮನೂ ನಂಬಿದಳು.

ನಾನು ಒಳಗೆ ಇಣುಕಿದೆ. ಅಪ್ಪ ಜೀವಮಾನದಲ್ಲಿ ಗೊರಕೆ ಹೊಡೆದವನಲ್ಲ. ಎರಡು ಮುಷ್ಟಿಯೂ ನವಾರನ್ನು ಹಿಡಿದಿದ್ದವು. ಕಾಲಿನ ಹೆಬ್ಬೆರಳು ಸೆಟೆದು ಸೂರಿಗೆ ಗುರಿ ಇಟ್ಟಿತ್ತು. ಒಂದೊಂದು ಗೊರಕೆಯ ಹಿಂದೆ ಒಂದೊಂದು ಕೆಮ್ಮನ್ನು ನುಂಗುತ್ತಿದ್ದ; ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ಊರಿಗೆಲ್ಲ ನಕಲು ಮಾಡಿದವನು ನಾನು. ನಕಲು ಕಂಡರೆ ನನಗೆ ತಿಳಿಯುತ್ತದೆ. ಅಪ್ಪ ನಿದ್ದೆಯ ನಕಲು ಮಾಡುತ್ತಿದ್ದ. ನನ್ನ ಮಾತು ಉಳಿಯಲಿ ಎಂದು.

"ಮಾವ, ಇಳಿಸು" ಅಂದೆ.

"ಏನ್ಲಾ, ಬಂಗಾರಪೇಟೆಯಿಂದ ನಿನ್ ತೊಟ್ಟಿಗೆ ಗಾಡಿ ಸವಾರಿ ಮಾಡ್ಸೋಕೆ ಬಂದಿದೀನಾ ನಾನು?"

ಒಳಗಿನಿಂದ ಕೆಮ್ಮು ಉತ್ತರ ಕೊಟ್ಟಿತು. ನುಂಗಿದ್ದೆಲ್ಲ ಒಟ್ಟಿಗೇ ಬಂತು. ಮಾವ ಒಳಗೆ ನೋಡಿದ, ಹೊರಗೆ ಬಂದ. ರುಮಾಲು ತೆಗೆದು ಸೊಂಟಕ್ಕೆ ಕಟ್ಟಿ, ತಾನೇ ಮೊದಲು ತೊಟ್ಟಿಗೆ ಕೈ ಹಾಕಿದ. "ಮಂಚಾನೂ ಇಲ್ಲೇ ಇರ್ಲಿ" ಅಂದ, ಯಾರ ಮುಖವನ್ನೂ ನೋಡದೆ.

ಇಳಿಜಾರಿಗೆ ಒರಗಿದ ಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದ. "ಎಂಗಿತ್ಲಾ ನನ್ ಗೊರಕೆ?"

"ಗೊರಕೆ ಪರವಾಗಿಲ್ಲ. ಹೆಬ್ಬೆರಳು ಕೆಡಿಸಿಬಿಡ್ತು."

"ಮುಂದಿನ್ ಸಲ ನೋಡ್ಕತೀನಿ" ಅಂದು ಕಣ್ಣು ಮುಚ್ಚಿದ. ಈ ಸಲ ಅಸಲಿ.

ಆ ವರ್ಷ ಹುಣಸೆ ಬಡಿಯುವ ಕಾಲಕ್ಕೆ ಅಪ್ಪ ಹೋದ. ತಿಥಿಯಾದ ಮೇಲೆ ಅಮ್ಮ ಕೃಷ್ಣಪ್ಪ ಮಾವನಿಗೆ ಹೇಳಿ ಕಳಿಸಿದಳು, ತೊಟ್ಟಿಗೆ ಗಾಡಿ ತಾ ಎಂದು. ಗಾಡಿ ಬರುವುದಕ್ಕೆ ಮುಂಚೆ, ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ, ನಾನು ಅದರೊಳಗೆ ಇಳಿದೆ. ಅಪ್ಪ ಒರಗಿದಂತೆ ಒರಗಿದೆ. ಗದ್ದ ಎತ್ತಿದೆ. ಕೈ ಮಡಚಿ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದೆ. ಬೆನ್ನು ಜಾರಿತು. ಮೊಣಕಾಲುಗಳು ಎದೆಗೆ ಬಂದವು. ನಾನು ಅಪ್ಪನಿಗಿಂತ ಎಷ್ಟು ಉದ್ದ ಅಂತ ಆಗ ಗೊತ್ತಾಯಿತು. ಅಥವಾ ಅಪ್ಪ ಎಷ್ಟು ಸಣ್ಣಗಾಗಿ ಹೋಗಿದ್ದ ಅಂತ.

ಕಣ್ಣು ಬಿಟ್ಟಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಒಂದ್ ಚೂರೂ ಅವ್ರ ತರ ಇಲ್ಲ" ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಏಳು. ಗಾಡಿ ಬಂದೈತೆ."

ಏಳಲು ನೋಡಿದೆ. ಮೊಣಕಾಲು ಬಿಡಲಿಲ್ಲ, ಭುಜ ಬಿಡಲಿಲ್ಲ. ಮಾವ ಒಂದು ಕಂಕುಳಿಗೆ, ಅಮ್ಮ ಇನ್ನೊಂದು ಕಂಕುಳಿಗೆ ಕೈ ಕೊಟ್ಟು, ಬೀದಿಯ ಜನವೆಲ್ಲ ನೋಡುತ್ತಿರುವಾಗ, ಅಳುತ್ತಿದ್ದ ನನ್ನನ್ನು ಕರು ಎಳೆದಂತೆ ಹೊರಗೆ ಎಳೆದರು.