ಬಾಜೂ ಮನಿ ಟೀಚರೂ ನಮ್ಮ ಮನಿ ಮೆಣಸಿನಕಾಯೀನೂ

ಮೊದಲ ಕೈಯಾಗಿನ ರೊಟ್ಟಿ ಮುಟ್ಟಿ ಆಣಿ ಮಾಡು ತಂಗಿ, ಇದನ್ನ ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ. ನಿನ್ನ ಬಸ್ಸು ಮೋಟೆಬೆನ್ನೂರು ದಾಟೋದ್ರಾಗ ಎಲ್ಲಾ ಮರ್ತುಬಿಡಬೇಕು. ನಾನೂ ಯಾರಿಗೂ ಹೇಳಿಲ್ಲ. ಮೂಲಿ ಮನಿಯಾಕಿಗೆ ಒಂದೀಟು ಹೇಳೇನಿ, ಹಿಟ್ಟಿನ ಗಿರಣಿಯಾಗ ಅರ್ಧ ಹೇಳೇನಿ, ಪೂರ್ತಿ ಹೇಳೋದು ನಿನಗಷ್ಟ. ಆ ಟೀಚರು ನಮ್ಮ ಬಾಜೂಕ ಬಂದಾಗಿಂದ ಇಂಥಾವು ಒಂದಿಲ್ಲೊಂದು ನಡಕೋತನ ಅದಾವ.

ಟೀಚರಂದ್ರ ಸಾಲಿ ಟೀಚರಲ್ಲ. ರಾಣೇಬೆನ್ನೂರಿನಿಂದ ಸೊಸಿಯಾಗಿ ಬ್ಯಾಡಗಿಗೆ ಬಂದಾಕಿ, ಬಿ.ಎಡ್. ಮಾಡ್ಯಾಳ. ಗಂಡ ದಿನಾ ಹಾವೇರಿಗೆ ಆಫೀಸಿಗೆ ಹೋಗ್ತಾನ, ಈಕಿ ಮನ್ಯಾಗ ಕುಂತು ಯಾವುದೋ ಕಂಪನಿ ಪಗಾರದ ಮ್ಯಾಲ ಅಮೇರಿಕಾದ ದಡ್ಡ ಹುಡುಗೂರಿಗೆ ಗಣಿತ ಕಲಸ್ತಾಳ. ಫೋನಿನ ವಾಯರ್ ಹಚ್ಚಿದ ಕಂಪ್ಯೂಟರಿನಾಗ ಹುಡುಗ ಈಕಿಗೆ ಕಾಣ್ತಾನ, ಈಕಿ ಹುಡುಗಗ ಕಾಣ್ತಾಳ. ನಮಗ ಬೆಳಕು ಹರಿಯೋ ಮುಂದ ಅವರಿಗೆ ಸಂಜಿ ಅಂತ. ಅಮೇರಿಕಾದಾಗೂ ದಡ್ಡರಿರ್ತಾರ ಅಂತ ಕೇಳಿ ನನಗ ಮೊದಲ ಭಾಳ ಸಮಾಧಾನ ಆಗಿತ್ತು. ಆಮ್ಯಾಲ ಆ ದಡ್ಡರ ಕೃಪಾದಿಂದ ಈಕಿ ಫ್ರಿಜ್ ತಂದ್ಲು. ಸಮಾಧಾನ ಹೋತು.

ನನ್ನ ಸಂಕಟ ನಿನಗ ಗೊತ್ತೈತೆಲ್ಲ. ನಮ್ಮ ಮಗಳು ಹತ್ತನೇತ್ತಾ ಗಣಿತದಾಗ ಡುಮ್ಕಿ ಹೊಡದು ಕುಂತಾಳ. ಮುಂದಿನ ತಿಂಗಳ ಮತ್ತ ಪರೀಕ್ಷೆ. ಈ ಸಲ ದಾಟಲಿಲ್ಲಂದ್ರ ಸಾಲಿ ಬಿಡಸೋದ ಸೈ ಅಂದಾರ ಅವರಪ್ಪ. ನಾ ಐದನೇತ್ತಾಕ್ಕ ಬಿಟ್ಟಾಕಿ, ಏನ ಹೇಳಿಕೊಡ್ಲಿ. ಹಂಗಂತ ಗ್ವಾಡಿ ಆಚೀಕಿನ್ನ ಕೇಳೋದಂದ್ರ ನನ್ನ ನಾಲಿಗಿ ಹೊಳ್ಳಬೇಕಲ್ಲ.

ನಳದ ಪಾಳಿ

ನಮ್ಮ ಓಣಿ ನಳಕ್ಕ ನೀರು ಯಾವಾಗ ಬರ್ತೈತಿ ಅಂತ ನೀರು ಬಿಡಾಂವಗೂ ಗೊತ್ತಿರೂದಿಲ್ಲ. ಒಂದಿನ ನಸುಕಿನ್ಯಾಗ ಬಂತು, ಆಕಿ ಪಾಠದ ನಡುವ. ಆಕಿ ಅತ್ತಿಯವರಿಗೆ ಮೊಣಕಾಲ ನೋವು, ಗಂಡ ಎದ್ದಿದ್ದಿಲ್ಲ. ಹುಡುಗಗ ಯಾವುದೋ ಲೆಕ್ಕ ಹಚ್ಚಿ, ಕೊಡ ಹಿಡಕೊಂಡು ತಾನ ಓಡಿ ಬಂದ್ಲು. ಮ್ಯಾಲ ಇಸ್ತ್ರಿ ಸೀರಿ ಸೆರಗು, ಕೆಳಗ ಹಳೇ ನೈಟಿ. ಎರಡೂ ಕಿವಿ ಮ್ಯಾಲ ಕರೀ ಬಟ್ಟಲ, ಬಾಯಿ ಮುಂದೊಂದು ಕಡ್ಡಿ, ಸೊಂಟದ ತನಕ ಜೋತಾಡೋ ವಾಯರು.

ನಮ್ಮ ಹೆಂಗಸರು ಅಂಥಾದ್ದು ಯಾವಾಗ ನೋಡ್ಯಾರ. ಪಾಪ, ಕಿವಿ ಆಪರೇಷನ್ ಆಗೇತಿ ಅಂತ ತಮ್ಮ ಕೊಡ ಸರಿಸಿ ಆಕಿ ಕೊಡ ಮುಂದಿಟ್ರು. ಒಬ್ಬಾಕಿ ಮನೀತನಕ ಹೊತ್ತೂ ಕೊಟ್ಲು. ಆಕಿ ನಕ್ಕೋತ ಖರೇ ಸಂಗತಿ ಹೇಳಾಕ ಹೋದ್ಲು, ಆ ಗದ್ದಲದಾಗ ಯಾರು ಕೇಳ್ತಾರ.

ಮುಂದಿನ ಸಲ ನೀರು ಬಂದಾಗ ನಾನೂ ಕಿವಿಗೆ ಹತ್ತಿ ಇಟ್ಟು, ತಲಿಗೆ ಅರಿವಿ ಸುತ್ತಿಕೊಂಡು, ನರಳಕೋತ ಹೋದೆ. ಮೂಲಿ ಮನಿಯಾಕಿ ನನ್ನ ಮಾರಿ ನೋಡಿದ್ಲು.

"ಕಿವಿಗೇನಾತ ಅಕ್ಕಾ? ನಿನಗ ಆಪರೇಷನ್ ಮಾಡಸೋದಿದ್ರ ಬಾಯಿಗೆ ಮಾಡಸಬೇಕಿತ್ತು."

ನನ್ನ ಕೊಡ ಕಡೀಕಿತ್ತು, ಕಡೀಕ ಉಳೀತು.

ಗ್ವಾಡಿ ಪಾಠ

ನಮಗೂ ಅವರಿಗೂ ನಡುವ ಒಂದ ಗ್ವಾಡಿ, ಅದೂ ತೆಳು. ಗ್ವಾಡಿ ದಾಟಿ ಬರೋ ಮಾತು ಯಾರಪ್ಪನ ಮನಿ ಆಸ್ತಿ? ದಿನಾ ನಸುಕಿನ್ಯಾಗ ಮಗಳನ್ನ ಎಬ್ಬಿಸಿ, ಗ್ವಾಡಿಗೆ ಕಿವಿ ಹಚ್ಚಿ ಕುಂದರಿಸಿದೆ. ಅಮೇರಿಕಾದ ಪಾಠ, ಪುಗಸಟ್ಟೆ. ಕೇಳಬೇಕಾತು ಅನ್ನೋ ಅವಮಾನನೂ ಇಲ್ಲ.

ಹಂಗ ಒಂದು ವಾರ ಹೋತು. ಒಂದಿನ ಊಟದಾಗ ನಮ್ಮ ಮನಿಯವರು, ರೊಟ್ಟಿ ಸುಟ್ಟು ಕರಕ ಮಾಡೀದಿ ಅಂತ ನನ್ನ ಮ್ಯಾಲ ಹರಿಹಾಯ್ದ್ರು. ಮಗಳು ನನ್ನ ಕಡೆ ತಿರುಗಿ, ಥೇಟ್ ಆ ಟೀಚರ್ ಧಾಟ್ಯಾಗ, ನಯವಾಗಿ ಅಂದ್ಲು.

"ವೆರಿ ಗುಡ್. ಟ್ರೈ ಅಗೇನ್."

ಅಷ್ಟ ಕಲತಿದ್ಲು. ದಡ್ಡ ಹುಡುಗೂರಿಗೆ ಆಕಿ ಹೆಚ್ಚಿಗೆ ಹೇಳೋದು ಅಷ್ಟ ಅಂತ. ನಮ್ಮ ಮನಿಯವರಿಗೆ ಆನಂದ ಆತು, ಹುಡುಗಿ ಇಂಗ್ಲಿಷ್ ಹೆಂಗ ಸುಧಾರಿಸ್ಯಾಳ ನೋಡು ಅಂದ್ರು. ಏನ ಹೇಳ್ಲಿ ತಂಗಿ, ಇಂಗ್ಲಿಷಿನಾಗ ಆಕಿ ಮೊದಲ ಪಾಸಾಗಿದ್ಲು.

ಘಾಟು

ಇನ್ನ ಇದು ಖಾಸ್ ಸಂಗತಿ. ಬಾಗಲಾ ಮುಂದ ಮಾಡು.

ಆಕಿ ಪಾಠ ಹೇಳೋ ಕ್ವಾಣಿ ಕಿಡಕಿ ನಮ್ಮ ಹಿತ್ತಲಕ್ಕ ತೆರೀತೈತಿ. ವರ್ಷದ ಖಾರಪುಡಿ ಮಾಡೂದಿತ್ತು, ನಾ ನಸುಕಿನ್ಯಾಗ ಹಿತ್ತಲ ಒಲಿ ಹಚ್ಚಿ ಮೆಣಸಿನಕಾಯಿ ಹುರದೆ. ನನ್ನ ಹಿತ್ತಲ, ನನ್ನ ಕಾಯಿ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಭಾಳ, ಖಾರ ಕಮ್ಮಿ, ನಿನಗ ಗೊತ್ತ ಐತಿ. ಅದಕ್ಕ ಗುಂಟೂರು ಕಾಯೀನೂ ನಾಲ್ಕು ಮುಟಗಿ ಸೇರಿಸಿದೆ. ಗಾಳಿ ಆ ಕಡೆ ಬೀಸಿದ್ರ ಅದಕ್ಕ ನಾ ಏನ ಮಾಡ್ಲಿ.

ಮುಂದಿಂದು ಅವರತ್ತಿ ಕಟ್ಟಿ ಮ್ಯಾಲ ಕುಂತು ಹೇಳಿದ್ದು. ಅವತ್ತ ಪಾಠಕ್ಕ ಇದ್ದಾಂವ ಎಲ್ಲಾರಕಿಂತ ದೊಡ್ಡ ಮೈಗಳ್ಳ. ಲೆಕ್ಕಾ ಕೊಟ್ರ ಆಕಳಸ್ತಿದ್ನಂತ. ಅವತ್ತೂ ಎಲ್ಲಾ ತಪ್ಪು ಮಾಡಿ ತೋರಿಸಿದ. ಅದ ಹೊತ್ತಿಗೆ ಕಿಡಕ್ಯಾಗ ಘಾಟು ಹೊಕ್ತು. ಟೀಚರ್ ಕಣ್ಣಾಗ ಧಾರಾಕಾರ ನೀರು, ಮೂಗು ಕೆಂಪಗ, ಬಾಯಿಂದ ಮಾತಿಲ್ಲ. ಕೈ ಆಡಿಸ್ತಾಳ, ಸೆರಗಿಲೆ ಮಾರಿ ಮುಚಗೋತಾಳ, ಮತ್ತ ಆ ಲೆಕ್ಕ ನೋಡ್ತಾಳ, ಮತ್ತ ಅಳ್ತಾಳ. ಹುಡುಗ ಗಾಬರಿಯಾಗಿ ಅವ್ವನ್ನ ಕರದ. ಅವ್ವ ಬಂದು ನೋಡಿ, ನಿನ್ನ ಸಲುವಾಗಿ ಅಷ್ಟು ದೂರದಾಕಿ ಹಿಂಗ ಅಳಾಕತ್ತಾಳಲ್ಲೋ ಅಂತ ತಾನೂ ಅತ್ಲಂತ.

ಅವತ್ತಿಂದ ಆ ಹುಡುಗ ತಲಿ ಎತ್ತದ ಓದಿ ಪಾಸಾದ. ಹುಡುಗೂರ ಮ್ಯಾಲ ಇಷ್ಟು ಜೀವ ಇಟ್ಟಾಕಿ ಮತ್ತೊಬ್ಬಾಕಿ ಇಲ್ಲ ಅಂತ ಕಂಪನಿಯವರು ಉಳದ ದಡ್ಡರನ್ನೆಲ್ಲಾ ಈಕಿಗ ಒಪ್ಪಿಸಿ ಪಗಾರ ಏರಿಸಿದ್ರು. ಓಣಿಗೆಲ್ಲಾ ಪೇಢೆ ಹಂಚಿದ್ಲು. ನಾನೂ ತಿಂದೆ. ಘಾಟು ನಂದಲ್ಲೇನು.

ಮೊನ್ನೆ ಮಧ್ಯಾಹ್ನ ಆಕೀನ ನಮ್ಮ ಮನಿಗೆ ಬಂದ್ಲು. ಜಗಳ ತಗೀತಾಳಂತ ನಾ ಸೆರಗು ಕಟಗೊಂಡು ನಿಂತೆ. ಆಕಿ ಸಣ್ಣ ದನಿಯಾಗ ಕೇಳಿದ್ಲು.

"ಅಕ್ಕಾರ, ಹೊಸಾ ಹುಡುಗ ಒಬ್ಬಾಂವ ಬಂದಾನ್ರಿ, ಯಾವುದಕ್ಕೂ ಬಗ್ಗವಲ್ಲ. ನಾಳೆ ನಸುಕಿನ್ಯಾಗ ಒಂದೀಟು ಮೆಣಸಿನಕಾಯಿ ಹುರೀತೀರೇನ್ರಿ? ನಿಮ್ಮ ಮಗಳಿಗೆ ಗಣಿತ ನಾ ಹೇಳ್ತೀನಿ."

ನಾ ಕೇಳಲಾರದ ಬಂದಿತ್ತು. ನನ್ನ ಮಾನ ಉಳೀತು, ಒಪ್ಪಿಕೊಂಡೆ, ನಿನ್ನೆ ನಸುಕಿನ್ಯಾಗ ಹುರದೂ ಕೊಟ್ಟೆ. ಈಗ ಹೇಳು ತಂಗಿ, ಇದು ನ್ಯಾಯ ಐತೇನು? ಪಾಸಾಗೋರು ಅಮೇರಿಕಾದವರು, ಹೆಸರು ಆಕಿದು, ಕೆಮ್ಮು ನಂದು. ಇವತ್ತ ಆಕಿಗೆ ಸೂಟಿ, ನಾ ಒಲಿ ಹಚ್ಚಿಲ್ಲ. ಅದಕ್ಕ ಮಗಳನ್ನ ಮುಂಜಾನೆನ ಮೊದಲನೇ ಪಾಠಕ್ಕ ಕಳಿಸೇನಿ. ಎಂಥಾ ಎಂಥಾ ದಡ್ಡರನ್ನ ದಾಟಿಸ್ಯಾಳ, ನಮ್ಮಾಕಿ ಏನ ಮಹಾ...

ತಡಿ, ಯಾರೋ ಬಂದ್ರು. ಆಕೀನ. ಬಾಯಿ ಮುಚಗೊಂಡು ರೊಟ್ಟಿ ತಿನ್ನು. ಬರ್ರಿ ಟೀಚರ್, ಬರ್ರಿ, ಈಗಷ್ಟ ತಂಗಿ ಮುಂದ ನಿಮ್ಮ ಗುಣಾನ ಹೇಳಾಕತ್ತಿದ್ದೆ...

ಅಯ್ಯ, ಕಣ್ಣಾಗ ಯಾಕ್ರಿ ಇಷ್ಟು ನೀರು? ಇವತ್ತ ನಾ ಮೆಣಸಿನಕಾಯಿ ಹುರದ ಇಲ್ಲಲ್ರಿ.