ಮೂರು ಮನೆಗೆ ಒಂದು ಉಪ್ಪಿನ ಮಡಕೆ

ಕಸುಬಿನ ಜಾಣತನವನ್ನು ಮನೆಯೊಳಗೆ ತರಬಾರದು ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ. ಬೀದರಿನ ಗೋದಾಮೊಂದರಲ್ಲಿ ನಾನು ಗುಮಾಸ್ತ. ಮಾಲು ತೀರುವ ಮೊದಲೇ ಮಾಲು ತರಿಸಿಡುವುದು ನನ್ನ ಕೆಲಸ. ಅದೇ ನನ್ನ ಜಂಬವೂ ಹೌದು.

ಪೊಲೀಸ್ ಕಾರ್ಯಾಚರಣೆಗೆ ಕೆಲವು ತಿಂಗಳ ಮೊದಲು ನಿಜಾಮರ ಸೀಮೆಗೆ ಹೊರಗಿನಿಂದ ಉಪ್ಪು ಬರುವುದು ನಿಂತಿತು. ನಾನು, ಭಾಲ್ಕಿಯ ತಮ್ಮ, ಔರಾದಿನ ಭಾವಮೈದುನ ಸೇರಿ ಒಂದು ಏರ್ಪಾಟು ಮಾಡಿಕೊಂಡೆವು. ಮನೆಗೊಂದು ಮಡಕೆ ಉಪ್ಪು ಮುಟ್ಟದೆ ಇಡುವುದು. ಯಾರಲ್ಲಿ ತೀರಿದರೂ ಉಳಿದವರು ಕೊಡುವುದು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮೂರು ಮಡಕೆ ಸುಮ್ಮನೆ ಕೂತಿರುವುದನ್ನು ನನ್ನ ಗುಮಾಸ್ತ ಬುದ್ಧಿ ಸಹಿಸಲಿಲ್ಲ. ಮೂರೂ ಮನೆಯಲ್ಲಿ ಒಂದೇ ಸಲ ಉಪ್ಪು ತೀರುವುದುಂಟೆ? ಒಂದು ಮಡಕೆ ಕಾಯ್ದಿಟ್ಟರೆ ಸಾಕು, ಉಳಿದೆರಡನ್ನು ಬಳಸಬಹುದು ಎಂದು ಇಬ್ಬರಿಗೂ ಕಾಗದ ಬರೆದೆ. ಇಬ್ಬರೂ ನನ್ನನ್ನು ಹೊಗಳಿ ಉತ್ತರಿಸಿದರು.

ಅಷ್ಟರಲ್ಲಿ ಮಗಳನ್ನು ನೋಡಲು ಬರುತ್ತೇವೆಂದು ಜನವಾಡದ ಗಂಡಿನ ಕಡೆಯವರು ಹೇಳಿ ಕಳಿಸಿದರು. ನಮ್ಮ ಉಪ್ಪು ಎಂದೋ ತೀರಿತ್ತು. ಬರಿ ಮಡಕೆ ಹಿಡಿದು ಭಾಲ್ಕಿಗೆ ಹೋದೆ. ತಮ್ಮ ಇರಲಿಲ್ಲ, ಬರಿ ಮಡಕೆ ಹಿಡಿದು ಔರಾದಿಗೆ ಹೋಗಿದ್ದಾನೆಂದು ಅವನ ಹೆಂಡತಿ ಹೇಳಿದಳು. ಮನೆಗೆ ಮರಳಿದರೆ ಪಡಸಾಲೆಯಲ್ಲಿ ಔರಾದಿನ ಭಾವಮೈದುನ ಕೂತಿದ್ದ. ಅವನ ಪಕ್ಕದಲ್ಲಿ ಏನಿತ್ತೆಂದು ನಾನು ಹೇಳಬೇಕಾಗಿಲ್ಲ.

ಹೆಂಡತಿ ಸಿಟ್ಟಾಗಲಿಲ್ಲ. "ಒಂದ ಮಡಕಿ ಸಾಕಂತ ಬರದ್ರಿ. ಅದು ಯಾರ ಮನ್ಯಾಗ ಇರ್ಬೇಕಂತ ಬರದೀರೇನ್ರಿ?" ಎಂದಷ್ಟೇ ಕೇಳಿದಳು.

ಬರೆದಿರಲಿಲ್ಲ.

ನೆರೆಯವರ ಮನೆಗಳಲ್ಲೂ ಚಿಟಿಕೆ ಉಪ್ಪು ಸಿಗಲಿಲ್ಲ. ಜನವಾಡದವರು ಸಪ್ಪೆ ಬೇಳೆಯನ್ನು ತಲೆ ತಗ್ಗಿಸಿ ಉಂಡರು. ಬಾಗಿಲ ಮರೆಯಲ್ಲಿ ಮಗಳು ಅಳುತ್ತಿದ್ದಳು. ಸಂಬಂಧ ಮುರಿಯಿತೆಂದೇ ತಿಳಿದ ನಾನು, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ವರನ ತಂದೆಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಅವರು ನಿಧಾನವಾಗಿ ಕೈ ತೊಳೆದು ಬಂದು, "ಹುಡುಗಿ ನಮಗ ಪಸಂದ ಅದಾಳ್ರಿ. ಆದ್ರ ಲಗ್ನದ ಉಗ್ರಾಣ ನೀವು ನೋಡ್ಕೋಬ್ಯಾಡ್ರಿ" ಎಂದರು.

ಕಾರ್ಯಾಚರಣೆ ಮುಗಿದು, ಊರು ಸಾವರಿಸಿಕೊಂಡು, ಅಂಗಡಿಗೆ ಉಪ್ಪು ಬಂದ ಮೇಲೆ ಮದುವೆಯಾಯಿತು. ಉಗ್ರಾಣದಲ್ಲಿ ಹೆಂಡತಿ ಕೂತಳು; ನನ್ನನ್ನು ಅತ್ತರು ಹಚ್ಚಲು ಚಪ್ಪರದ ಬಾಗಿಲಲ್ಲಿ ನಿಲ್ಲಿಸಿದರು. ಉಂಡು ಹೊರಟವರೆಲ್ಲ, ಯಾವುದಕ್ಕೂ ಕೊರತೆಯಾಗಲಿಲ್ಲ, ಎಷ್ಟಾದರೂ ಗೋದಾಮಿನವರ ಮನೆಯಲ್ಲವೇ ಎಂದು ನನ್ನನ್ನೇ ಹೊಗಳಿದರು. ನಾನು ವಿನಯದಿಂದ ಕೈಮುಗಿದೆ, ಹೆಂಡತಿ ಆ ಕಡೆ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು.