ಅತ್ತೆ, ಬೆಲ್ಟು ಮತ್ತು ನಲವತ್ತೆರಡನೇ ಮಹಡಿ

ಲಿಫ್ಟಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ಕೆ.ಆರ್. ಪುರದಲ್ಲಿ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಸ್ವಂತ ಲಿಫ್ಟೊಂದನ್ನು ಕಟ್ಟಿದ್ದೇನೆ. ಗುಂಡಿ ಒತ್ತಿದರೆ ಪರದೆಯ ಮೇಲೆ ಅದು ಹತ್ತುತ್ತದೆ, ಇಳಿಯುತ್ತದೆ. ಕಟ್ಟು ಎಂದು ಯಾರೂ ಕೇಳಿರಲಿಲ್ಲ.

ಹಾಗಾಗಿ ಮಗಳ ಸೀಮಂತದ ದಿನ, ಎಂಬತ್ತು ದಾಟಿದ ಅತ್ತೆಯನ್ನು ಐದನೇ ಮಹಡಿಯ ನಮ್ಮ ಮನೆಗೆ ಹತ್ತಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು. ಅವರಿಗೆ ಮಂಡಿನೋವು, ಮೆಟ್ಟಿಲು ಆಗದು. ಅಜ್ಜಿ ಮಡಿಲು ತುಂಬದೆ ಹಸೆಮಣೆಯಿಂದ ಏಳುವುದಿಲ್ಲವೆಂದು ಮಗಳು ಹಠ ಹಿಡಿದಿದ್ದಳು. ಹತ್ತೂವರೆಗೆ ರಾಹುಕಾಲ ಬೇರೆ.

ಲಿಫ್ಟಿನ ಮುಂದೆ ನಿಂತು ಘೋಷಿಸಿದೆ: "ಹೊಸ ಲಿಫ್ಟು, ಅತ್ತೆ. ಹಗ್ಗ ಇಲ್ಲ, ಬೆಲ್ಟ್ ಮೇಲೆ ಓಡುತ್ತೆ."

ಅತ್ತೆ ಒಳಗಿಟ್ಟ ಕಾಲನ್ನು ಹೊರಗೆ ತೆಗೆದರು. "ಬೆಲ್ಟಾ?"

ಹಲಸೂರಿನಲ್ಲಿ ಅವರು ಮೂವತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು ಎಂಬುದು ನನಗೆ ಆಗ ನೆನಪಾಯಿತು.

"ಅಳಿಯಂದ್ರೆ, ನಮ್ಮ ಮಿಲ್ಲಲ್ಲಿ ವಾರಕ್ಕೊಂದ್ಸಲ ಬೆಲ್ಟ್ ಕಿತ್ತೋಯ್ತಿತ್ತು. ಅಲ್ಲಿ ರಾಗಿ ಬೀಸೋದು ನಿಂತೋಯ್ತಿತ್ತು, ಅಷ್ಟೆ. ಇಲ್ಲಿ ನಾನೇ ಬಿದ್ದೋಯ್ತೀನಿ."

"ಇದ್ರೊಳಗೆ ಉಕ್ಕಿನ ಎಳೆ ಇರುತ್ತೆ ಅತ್ತೆ. ಅದೂ ಒಂದಲ್ಲ, ನಾಲ್ಕು ಬೆಲ್ಟು."

"ನೋಡಿ, ಒಂದನ್ನ ನಂಬೋಕಾಗ್ದೆ ನಾಲ್ಕು ಹಾಕವ್ರೆ."

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೇಲೆ ಹೋಗಿ ಲ್ಯಾಪ್‌ಟಾಪ್ ತಂದೆ. ಕಣ್ಣಾರೆ ನೋಡಿದರೆ ಧೈರ್ಯ ಬರುತ್ತದಲ್ಲ! ಅತ್ತೆಯ ತೂಕ ನಮೂದಿಸಿ ಐದು ಒತ್ತಿದೆ. ಪರದೆಯ ಲಿಫ್ಟು ಐದು ತಲುಪಿತು. ನಿಲ್ಲಲಿಲ್ಲ. ಆರು, ಏಳು, ಹನ್ನೆರಡು... ನಮ್ಮ ಕಟ್ಟಡಕ್ಕೆ ಇರುವುದೇ ಐದು ಮಹಡಿ. ನಲವತ್ತೆರಡರಲ್ಲಿ ಬಾಗಿಲು ತೆರೆಯಿತು. ಗಾಬರಿಯಿಂದ ಸೊನ್ನೆ ಒತ್ತಿದೆ. ಸರ್ರನೆ ಇಳಿದು ಮೈನಸ್ ಹತ್ತೊಂಬತ್ತರಲ್ಲಿ ನಿಂತಿತು.

"ಇದ್ಯಾವ ಮಹಡಿ?" ಅತ್ತೆ ಕೇಳಿದರು.

"ನನಗೂ ಗೊತ್ತಾಗ್ತಿಲ್ಲ ಅತ್ತೆ."

ಹತ್ತೂಕಾಲಾಯಿತು. ಕಾದು ಸಾಕಾಗಿ ಹೆಂಡತಿ ಇಳಿದು ಬಂದಳು. ಪರದೆಯನ್ನೂ ನನ್ನ ಮುಖವನ್ನೂ ನೋಡಿ ಹಣೆ ಚಚ್ಚಿಕೊಂಡಳು.

ಅತ್ತೆ ತಮ್ಮ ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ಹತ್ತಿರ ಕರೆದರು. "ಈ ನಿಜವಾದ ಲಿಫ್ಟನ್ನೂ ಇವ್ರೇನಾ ಮಾಡಿದ್ದು?"

"ಇಲ್ಲಮ್ಮ, ಕಂಪನಿಯವ್ರು."

"ಇವ್ರು ಎಲ್ಲೂ ಕೈ ಹಾಕಿಲ್ಲ ತಾನೆ?"

"ಹತ್ರಕ್ಕೂ ಬಿಟ್ಟಿಲ್ಲ."

"ಹಂಗಾದ್ರೆ ನಡಿ."

ಅತ್ತೆ ಸೀರೆಯ ನೆರಿಗೆ ಎತ್ತಿಕೊಂಡು ನಿರ್ಭಯವಾಗಿ ಒಳಗೆ ಹೋದರು. ಹಿಂದೆಯೇ ನಾನೂ ಕಾಲಿಡಹೋದೆ.

"ನೀವು ಮೆಟ್ಟಿಲಲ್ಲಿ ಬನ್ನಿ, ಅಳಿಯಂದ್ರೆ."

ಬಾಗಿಲು ಮುಚ್ಚಿತು. ಮೇಲಿನಿಂದ ಆರತಿಯ ಹಾಡು ಕೇಳಿಸಿದಾಗ ಲ್ಯಾಪ್‌ಟಾಪ್ ತಬ್ಬಿಕೊಂಡು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಕೂತಿದ್ದೆ. ಅದು ಮೂರನೇ ಮಹಡಿಯೋ ನಾಲ್ಕನೆಯದೋ, ಲಿಫ್ಟು ತಜ್ಞನಾದ ನನಗೆ ತಿಳಿಯಲಿಲ್ಲ.